ಅವ್ವನ ಬಿಳಿ ಸೀರೆಗೆ ಹಿಡಿದ ಬೂಷ್ಟು

ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಇದನ್ನು ಬಿರುದಿನ ಹಾಗೆ ಹೇಳಿಕೊಂಡು ತಿರುಗಿದ ಕಾಲವೊಂದಿತ್ತು. ಬೀದರ, ಔರಾದ, ಭಾಲ್ಕಿ ಈ ಮೂರು ಊರುಗಳ ನಡುವೆ ಸರ್ಕಾರಿ ಬಸ್ಸಿನಲ್ಲಿ ಲೇಡಿ ಕಂಡಕ್ಟರ್ ಕೆಲಸ ಮಾಡುತ್ತಲೇ ನನ್ನ ತಲೆಗೂದಲು ಬೆಳ್ಳಗಾಗಿದೆ. ಒಮ್ಮೆ ಕಮಲನಗರದ ಹತ್ತಿರ ಒಬ್ಬ ಕುಡುಕ ಕಾಲೇಜು ಹುಡುಗಿಯ ಹೆಗಲ ಮೇಲೆ ಕೈಯಿಟ್ಟ. ಟಿಕೇಟಿನ ಮಷೀನಿನಿಂದಲೇ ಅವನ ಮೂಗಿಗೆ ಕೊಟ್ಟೆ. ರಕ್ತ ನನ್ನ ಖಾಕಿ ತೋಳಿನ ಮೇಲೆ ಚಿಮ್ಮಿತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ, ಹೊಡೆಯುವ ಕೈಗೆ ಅದರಿಂದ ರುಚಿ ಹತ್ತುತ್ತದೆ.

ಹೊಡೆಯುವುದನ್ನು ನಾನು ಬಸ್ಸಿನಲ್ಲಿ ಕಲಿತದ್ದಲ್ಲ. ಔರಾದದ ನಮ್ಮ ಮನೆಯಲ್ಲಿ ಕೈ ಮೊದಲು ಮಾತಾಡುತ್ತಿತ್ತು, ಬಾಯಿ ಆಮೇಲೆ. ಅಪ್ಪ ಗೌಂಡಿ, ಮನೆ ಕಟ್ಟುವವನು. ಸುಣ್ಣ ಸಿಮೆಂಟು ಕಲಸಿ ಕಲಸಿ ಅವನ ಅಂಗೈ ಒಡೆದ ಇಟ್ಟಿಗೆಯಂತಾಗಿತ್ತು. ಕೆಲಸ ಸಿಕ್ಕ ದಿನ ಕುಡಿದು ಹೊಡೆಯುತ್ತಿದ್ದ, ಸಿಗದ ದಿನ ಕುಡಿಯದೆ ಹೊಡೆಯುತ್ತಿದ್ದ. ಎರಡನೆಯದೇ ಹೆಚ್ಚು ಉರಿಯುತ್ತಿತ್ತು. ಪಡಸಾಲೆಯ ನಡುಗಂಬಕ್ಕೆ ಅಣ್ಣನನ್ನು ಒತ್ತಿ ಹಿಡಿದು ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಅಣ್ಣನದು ಮುಗಿದ ಮೇಲೆ ನನ್ನ ಪಾಳಿ. ಅಡ್ಡ ಬಂದದ್ದಕ್ಕೆ ಕೊನೆಗೆ ಅವ್ವನ ಪಾಳಿ. ಒಮ್ಮೆ ಬೆಲ್ಟಿನ ಬಕ್ಕಲ್ಲು ಅಣ್ಣನ ಹುಬ್ಬು ಸೀಳಿತ್ತು. ಅಲ್ಲಿ ಇವತ್ತಿಗೂ ಕೂದಲು ಬೆಳೆಯುವುದಿಲ್ಲ.

ತಂಗಿಯ ಮೈಮೇಲೆ ಮಾತ್ರ ಒಂದು ಬಾಸುಂಡೆಯೂ ಇರುತ್ತಿರಲಿಲ್ಲ. ಮೂವರಲ್ಲಿ ಅವಳು ಕಿರಿಯಳು, ಹುಟ್ಟಿನಿಂದಲೇ ದಮ್ಮಿನವಳು. ಸ್ವಲ್ಪ ಧೂಳು ಕಂಡರೆ ಸಾಕು, ಎದೆಯೊಳಗೆ ಸೀಟಿ ಊದಿದಂತೆ ಸದ್ದು ಬರುತ್ತಿತ್ತು. ಅಪ್ಪನ ಚಪ್ಪಲಿಯ ಸಪ್ಪಳ ಓಣಿಯಲ್ಲಿ ಕೇಳಿದ ಕೂಡಲೇ ಅವಳು ಎಲ್ಲೋ ಮಾಯವಾಗಿ, ಗಲಾಟೆ ಮುಗಿದ ಮೇಲೆ ಹಾಜರಾಗುತ್ತಿದ್ದಳು. ಅವ್ವ ಅವಳನ್ನು ಬಾಜೂ ಮನೆಗೆ ಕಳಿಸುತ್ತಾಳೆ ಎಂದುಕೊಂಡಿದ್ದೆವು. ನಾವು ಏಟು ತಿನ್ನುವಾಗ ಅವಳು ಅಲ್ಲಿ ಬೆಲ್ಲ ತಿನ್ನುತ್ತಿರುತ್ತಾಳೆ ಅಂತ ಅಣ್ಣ ಹೇಳುತ್ತಿದ್ದ. ನನಗೂ ಹೊಟ್ಟೆ ಉರಿಯುತ್ತಿತ್ತು. ಆ ಉರಿ ಬಹಳ ವರ್ಷ ಆರಲಿಲ್ಲ.

ಅಪ್ಪ ಹೋಗಿ ಬಹಳ ದಿನವಾಯಿತು. ಅಣ್ಣ ಔರಾದದ ಅದೇ ಮನೆಯಲ್ಲಿದ್ದಾನೆ. ಊರವರ ಮನೆಯ ನೀರಿನ ಟಾಕಿ ತೊಳೆಯುವುದು ಅವನ ಕಸುಬು. ತಂಗಿ ಭಾಲ್ಕಿಯಲ್ಲಿ ಅಂಗನವಾಡಿ ನಡೆಸುತ್ತಾಳೆ. ನಾನು ಬೀದರಿನಲ್ಲಿ. ಹೋದ ಚಳಿಗಾಲದ ಹಿಂದಿನ ಚಳಿಗಾಲ ಅವ್ವ ತೀರಿಕೊಂಡಳು. ಅವಳು ಬಿಟ್ಟು ಹೋದದ್ದು ಒಂದು ದೊಡ್ಡ ತಗಡಿನ ಸಂದೂಕ, ಅದರ ತುಂಬ ಬಿಳಿ ಸೀರೆ. ನಮ್ಮದು ಬೌದ್ಧ ಮನೆತನ. ವಿಹಾರದ ವಂದನೆಗೆ ಅವ್ವ ಬಿಳಿ ಸೀರೆ ಉಟ್ಟೇ ಹೋಗುತ್ತಿದ್ದಳು, ಬಂದ ಮೇಲೆ ಒಗೆದು ಒಣಗಿಸಿ ಸಂದೂಕದಲ್ಲಿಡುತ್ತಿದ್ದಳು. ಮಳೆ ಹೊಳವಾದ ದಿನವೆಲ್ಲ ಅವುಗಳನ್ನು ತೆಗೆದು ಬಿಸಿಲಿಗೆ ಹರವುತ್ತಿದ್ದಳು. ಬೇರೆ ಯಾವ ಕೆಲಸ ನಿಂತರೂ ಇದು ನಿಲ್ಲುತ್ತಿರಲಿಲ್ಲ. ತಾಯಿ ಹೋಗಿ ವರ್ಷ ತುಂಬಿದ ದಿನ ಹೆಣ್ಣುಮಕ್ಕಳು ಅವಳ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗುವುದು ನಮ್ಮ ಮನೆಯ ರೂಢಿ. ಉಳಿದ ಸೀರೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿಯುತ್ತೇವೆ. ಅವ್ವನ ಕೌದಿ ತನಗೆ ಬೇಕು ಎಂದು ತಂಗಿ ಕೇಳಿದ್ದಳು. ಹುಟ್ಟಿದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆ ಸಂದೂಕಕ್ಕಾಗಿ ನಾನೂ ಅಣ್ಣನೂ ಅವ್ವನ ಮಣ್ಣು ಒಣಗುವ ಮೊದಲೇ ಹೊಡೆದಾಡಿದೆವು. ಸಂದೂಕ ಈ ಮನೆಯದು, ಇಲ್ಲೇ ಇರಬೇಕು ಎಂದ ಅವನು. ಒಳಗಿರುವ ಸೀರೆ ಹೆಣ್ಣುಮಕ್ಕಳದು ಎಂದೆ ನಾನು. ಕೀಲಿಗಾಗಿ ಅವನು ನನ್ನ ರಟ್ಟೆ ತಿರುಚಿದ, ನಾನು ಅವನ ಮಣಿಕಟ್ಟು ಕಚ್ಚಿದೆ. ಬಾಯಲ್ಲಿ ಉಪ್ಪುಪ್ಪು ರಕ್ತದ ರುಚಿ ಬರುವವರೆಗೂ ಬಿಡಲಿಲ್ಲ. ಕೀಲಿ ನನಗೆ ಸಿಕ್ಕಿತು, ಸಂದೂಕ ಅವನಿಗೆ ಉಳಿಯಿತು. ನಾನು ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡು ಹೊಸ್ತಿಲು ದಾಟುವ ಹೊತ್ತಿಗೆ ಅವನು ಒಳಕೋಣೆಯಿಂದ ಕೂಗಿದ:

“ನೀ ಕೀಲಿ ಇಟ್ಕೊಂಡ್ ಕೂಡು. ನಾ ಬೀಗಾನೇ ಗ್ವಾಡಿಗಿ ತಿರುವಿ ಇಡ್ತೇನಿ. ಹ್ಯಾಂಗ ತಗೀತಿ ನೋಡ್ತೇನಿ!”

ಹಾಗೆಯೇ ಮಾಡಿದ. ಅಷ್ಟು ಭಾರದ ಸಂದೂಕವನ್ನು ಒಬ್ಬನೇ ಎಳೆದು, ಬೀಗದ ಮುಖವನ್ನು ಗೋಡೆಗೆ ಒತ್ತಿ ಇಟ್ಟ. ಆ ಗೋಡೆಯ ಆಚೆ ಬಚ್ಚಲುಮನೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿದ್ದೆವು. ಆ ಮಳೆಗಾಲ ತಂಗಿ ನನ್ನ ಬಸ್ಸಿನಲ್ಲಿ ಹೋಗುವಾಗೆಲ್ಲ ಮೆಲ್ಲಗೆ ಕೇಳುತ್ತಿದ್ದಳು: “ಅಕ್ಕಾ, ಒಂದ್ಸಲ ಕೀಲಿ ಕೊಡು. ಬಿಸಲ ಬಿದ್ದದ, ಸೀರಿ ಹರವಿ ಬರ್ತೇನಿ.” ಅಣ್ಣನೇ ಬಂದು ಕೇಳಲಿ ಎನ್ನುತ್ತಿದ್ದೆ ನಾನು. ಕೀಲಿ ಒಯ್ದವಳೇ ತಂದು ಕೊಡಲಿ ಎನ್ನುತ್ತಿದ್ದ ಅವನು. ಇಡೀ ಮಳೆಗಾಲ ಸಂದೂಕ ಮುಚ್ಚಿಯೇ ಇತ್ತು.

ವರ್ಷದ ವಂದನೆಗೆ ಹದಿನೈದು ದಿನ ಉಳಿದಾಗ ಸೋತು ಕೀಲಿ ತೆಗೆದುಕೊಂಡು ಹೋದೆ. ಜನವರಿಯ ಚಳಿ. ತಂಗಿಯೂ ಭಾಲ್ಕಿಯಿಂದ ಬಂದಿದ್ದಳು. ಅಣ್ಣ ಗೊಣಗುತ್ತಾ ಸಂದೂಕವನ್ನು ಈಚೆ ತಿರುಗಿಸಿದ. ಬೀಗ ತುಕ್ಕು ಹಿಡಿದಿತ್ತು, ಕೀಲಿ ತಿರುಗದೆ ಕಲ್ಲಿನಿಂದ ಬಡಿಯಬೇಕಾಯಿತು. ಮುಚ್ಚಳ ಎತ್ತಿದ ಕೂಡಲೇ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು.

ಬಿಳಿ ಎನ್ನುವುದೇ ಉಳಿದಿರಲಿಲ್ಲ. ಮಡಿಕೆ ಮಡಿಕೆಗೂ ಕರಿಯ ಚುಕ್ಕಿ, ಅಂಚಿನ ಗುಂಟ ಹಸಿರು ಬೂದಿ, ತಳದ ಸೀರೆಗಳ ಮೇಲೆ ರೊಟ್ಟಿಗೆ ಬರುವಂಥ ನವುರು ಕೂದಲಿನ ಬೂಷ್ಟು. ನಮ್ಮ ಕಡೆ ಮರಾಠಿಯಲ್ಲಿ ಬುರಶಿ ಅನ್ನುತ್ತಾರೆ. ಹೆಸರು ಯಾವುದಾದರೇನು, ಅವ್ವನ ಮೈ ಕೊಳೆತದ್ದನ್ನೇ ಕಂಡ ಹಾಗಾಯಿತು ನನಗೆ. ನಮ್ಮ ಮನೆಯಲ್ಲಿ ಸಂಕಟಕ್ಕೆ ಒಂದೇ ದಾರಿ ಗೊತ್ತು, ಅದು ಕೈಗೆ ಇಳಿಯುತ್ತದೆ.

“ನಿನ್ನ ಮನಿ ಸೋರ್ತದ. ಗೌಂಡಿ ಮಗಾ ಆಗಿ ಒಂದು ಗ್ವಾಡಿ ನೆಟ್ಟಗಿಲ್ಲ!” ಎಂದೆ.

“ಹಸಿ ಸೀರಿ ಮಡಚಿ ಇಟ್ಟವರು ಯಾರು? ಅವ್ವ ಸತ್ತ ದಿನ ನೀನೇ ಗಡಬಡಿಸಿ ತುರುಕಿದಿ,” ಎಂದ ಅವನು.

ನಾನು ಮೇಲಿನ ಸೀರೆ ಎಳೆದು ಪಡಸಾಲೆಯಲ್ಲೇ ಜಾಡಿಸಿದೆ. ಧೂಳು ಎದ್ದಿತು. ಎರಡನೆಯದನ್ನು ಕಂಬಕ್ಕೆ ಬಡಿದೆ. ಬಡಿಯುತ್ತಾ ಬಡಿಯುತ್ತಾ ಸೀರೆಯನ್ನು ಬಡಿಯುತ್ತಿದ್ದೇನೋ ಅಣ್ಣನನ್ನೋ ತಿಳಿಯದಾಯಿತು. ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು “ಬಡೀಬ್ಯಾಡ ಅಕ್ಕಾ, ಹೊರಗ ಒಯ್ಯಿ” ಎಂದಳು. ಆಗಲೇ ಅವಳ ಎದೆಯ ಸೀಟಿ ಶುರುವಾಗಿತ್ತು. ಕೇಳಿಸಿತು ನನಗೆ. ಕೇಳಿಸಿಯೂ ಇನ್ನೊಂದು ಸೀರೆ ಬಡಿದೆ.

ಮಳೆಗಾಲವೆಲ್ಲ ಮುಚ್ಚಿಟ್ಟ ಸೀರೆಗೆ ಬೂಷ್ಟು ಬಂದಿದ್ದರೆ ಎಂದು, ಬೀದರಿನಲ್ಲಿ ನನ್ನ ಬಾಜೂ ಮನೆಯ ಖಾಲಾ ಒಂದು ಮದ್ದು ಹೇಳಿದ್ದಳು. ಉಪ್ಪಿನಕಾಯಿ ಹಾಕುವುದರಲ್ಲಿ ಅವಳದು ಪಳಗಿದ ಕೈ, ಮನೆಯಲ್ಲಿ ಯಾವಾಗಲೂ ಸಿರ್ಕಾ, ಅಂದರೆ ವಿನೆಗರ್, ಇರುತ್ತದೆ. “ಬೇಟಿ, ಬುರಶಿಗಿ ಸಿರ್ಕಾ ಹಾಕು. ಅಂಗಳದಾಗ ಕುಂತು ಹಾಕು,” ಎಂದಿದ್ದಳು. ಎರಡು ಬಾಟಲಿ ಚೀಲದಲ್ಲಿ ತಂದಿದ್ದೆ. ಮದ್ದು ನೆನಪಿತ್ತು, ಅಂಗಳ ಮರೆತಿತ್ತು. ಹೊರಗೆ ಚಳಿಗಾಳಿ ಇದೆ ಎಂದು ಮೇಲಿನ ಸೀರೆಗಳನ್ನಷ್ಟು ಬಚ್ಚಲುಮನೆಗೆ ಹೊತ್ತೊಯ್ದು, ದೊಡ್ಡ ಬೋಗುಣಿಯಲ್ಲಿ ತುರುಕಿ, ನೀರು ಹಾಕಿ, ಎರಡೂ ಬಾಟಲಿ ಬಗ್ಗಿಸಿದೆ. ಚಳಿಗೆಂದು ಬಚ್ಚಲಿನ ಒಂದೇ ಒಂದು ಕಿಟಕಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಗೋಣಿಚೀಲ ತುಂಬಿದ್ದಳು.

ಅಣ್ಣ ಬಾಗಿಲಲ್ಲಿ ನಿಂತು ನಕ್ಕ. “ಸಿರ್ಕಾದಾಗ ಸೀರಿ ತೊಳೀತಾರೇನ? ಉಪ್ಪಿನಕಾಯಿ ಹಾಕ್ಲತ್ತೀಯೇನ? ಬಿಳಿದು ಬಿಳಿ ಮಾಡೋದು ನನ್ನ ಕೆಲಸ.”

ಅವನ ಕಸುಬಿನ ಬ್ಲೀಚಿಂಗ್ ಪುಡಿಯ ಡಬ್ಬಿ ಬಚ್ಚಲಿನ ಮೂಲೆಯಲ್ಲೇ ಇತ್ತು. ಟಾಕಿಯ ಪಾಚಿ ಕಿತ್ತೊಗೆಯುವ ಪುಡಿಗೆ ಈ ಬುರಶಿ ಯಾವ ಲೆಕ್ಕ ಎನ್ನುತ್ತಾ ಮುಚ್ಚಳ ತೆಗೆದ. ನಾನು ಬೋಗುಣಿಗೆ ಅಡ್ಡ ನಿಂತೆ. ಅವನು ನನ್ನ ಕೂದಲು ಹಿಡಿದು ಪಕ್ಕಕ್ಕೆ ಎಳೆದ. ನಾನು ಬಟ್ಟೆ ಬಡಿಯುವ ಕಟ್ಟಿಗೆಯಿಂದ ಅವನ ಮೊಣಕಾಲಿಗೆ ಹೊಡೆದೆ. ಅದೇ ನೋವಿನಲ್ಲಿ ಅವನು ಇಡೀ ಡಬ್ಬಿಯನ್ನು ಬೋಗುಣಿಗೆ ಸುರಿದ.

ಅವನಿಗೆ ಟಾಕಿ ಗೊತ್ತಿತ್ತು, ನನಗೆ ಸಿರ್ಕಾ ಗೊತ್ತಿತ್ತು. ಎರಡೂ ಕೂಡಿದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ನೀರು ಬುಸುಗುಟ್ಟಿತು. ಹಳದಿ ಹೊಗೆಯಂಥದ್ದು ಮೇಲೆ ಬಂದು ಗಂಟಲಿಗೆ ಖಾರ ತುರುಕಿದ ಹಾಗಾಯಿತು. ಕಣ್ಣು ತೆರೆಯಲಾಗದೆ ಕೆಮ್ಮುತ್ತಾ ಇಬ್ಬರೂ ಹೊರಗೆ ಬಿದ್ದೆವು.

ಈಗ ಬರೆಯುವುದನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು. ಹೊರಗೆ ಬಂದ ಮೇಲೂ ನಾವು ಹೊಡೆದಾಡಿದೆವು. ಪಡಸಾಲೆಯ ಅದೇ ನಡುಗಂಬಕ್ಕೆ ಅವನು ನನ್ನ ತಲೆ ಜಪ್ಪಿದ. ನಾನು ಅವನ ಸೀಳು ಹುಬ್ಬನ್ನೇ ಗುರಿಯಿಟ್ಟು ಗುದ್ದಿದೆ. ಅವನ ಅಂಗಿ ಹರಿಯಿತು, ನನ್ನ ಬಳೆ ಒಡೆದು ಅಂಗೈಗೆ ನಾಟಿತು. ಕೆಮ್ಮುತ್ತಾ, ಉಗುಳುತ್ತಾ, ಸತ್ತ ಅಪ್ಪನನ್ನೂ ಸತ್ತ ಅವ್ವನನ್ನೂ ನಡುವೆ ಎಳೆದು ಬೈಯುತ್ತಾ ಹೊಡೆದಾಡಿದೆವು. ತಂಗಿ ಎಲ್ಲಿ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಜಗಳವಾದಾಗ ಅವಳು ಮಾಯವಾಗುವುದು ನಮಗೆ ರೂಢಿಯಾಗಿತ್ತು.

ಅವಳು ಬಚ್ಚಲಿನಲ್ಲಿದ್ದಳು. ನಾವು ಬಿದ್ದೆದ್ದು ಹೊರಬರುವಾಗ ಒಳಗೆ ನುಗ್ಗಿದ್ದಳಂತೆ, ಅವ್ವನ ಒಂದು ಸೀರೆಯಾದರೂ ಉಳಿಯಲಿ ಎಂದು.

ಚೀರಿದ್ದು ವೈನಿ. ಒದ್ದೆ ಟವೆಲ್ಲು ಮುಖಕ್ಕೆ ಸುತ್ತಿಕೊಂಡು, ತಂಗಿಯ ಎರಡೂ ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದವಳೂ ಅವಳೇ. ತಂಗಿಯ ತುಟಿ ನೇರಳೆಯಾಗಿತ್ತು. ಕಣ್ಣು ಬಿಟ್ಟೇ ಇದ್ದವು. ಎದೆಯಲ್ಲಿ ಸೀಟಿಯೂ ಇರಲಿಲ್ಲ. ಸೀಟಿ ನಿಂತರೆ ಉಸಿರು ಒಳಗೆ ಹೋಗುತ್ತಲೇ ಇಲ್ಲ ಎಂದರ್ಥ, ಅದು ಅವ್ವ ನಮಗೆ ಹೇಳಿಕೊಟ್ಟಿದ್ದ ಪಾಠ. ಕೈಯಲ್ಲಿ ಸೀರೆಯ ತುದಿ ಹಿಡಿದಿದ್ದಳು, ಬೆರಳು ಬಿಡಿಸಲು ಬರಲಿಲ್ಲ.

“ಏ ರಾಕ್ಷಸರಾ! ಇನ್ನೂ ಏನ್ ನೋಡ್ಲತ್ತೀರಿ? ಎತ್ರಿ ಆಕೀನ!” ಎಂದು ವೈನಿ ನಮ್ಮಿಬ್ಬರ ಬೆನ್ನಿಗೂ ಗುದ್ದಿದಳು. ಗುದ್ದಿದ್ದು ಸರಿಯಾಗಿಯೇ ಇತ್ತು.

ಔರಾದದ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ, ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಬೀದರಿಗೆ ಕಳಿಸಿದರು. ನಾನು ದಿನಾ ಓಡಾಡುವ ರಸ್ತೆ ಅದು. ಯಾವ ತಿರುವಿನಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಅವತ್ತು ಪ್ರತಿಯೊಂದು ಸ್ಟಾಪೂ ಬಂತು, ಬೀದರು ಬರಲಿಲ್ಲ. ಅಣ್ಣ ಅವಳ ಪಾದ ತಿಕ್ಕುತ್ತಿದ್ದ. ಅವನ ಹುಬ್ಬಿನಿಂದ ರಕ್ತ ಹನಿಯುತ್ತಿತ್ತು, ನನ್ನ ಅಂಗೈಯಿಂದಲೂ. ಇಬ್ಬರ ರಕ್ತವೂ ಅವಳಿಗೆ ಹೊದಿಸಿದ ಬಟ್ಟೆಗೆ ಹತ್ತಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಂಡ ಹೆಂಡಿರು ಹೋದ ಮೇಲೂ ಅದೇ ಕೂಸು ಬಡವಾಗುತ್ತಲೇ ಇತ್ತು.

ಮೂರು ದಿನ ಅವಳು ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮುಖದ ಮೇಲಿನ ಮಾಸ್ಕು ಸ್ವಲ್ಪ ಸರಿಸಿ, ಮಂಚದ ಎರಡು ಬದಿಗೆ ನಿಂತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೇಳಿದ್ದು ಒಂದೇ ಮಾತು.

“ಗೆದ್ದೋರು ಯಾರು?”

ಅಣ್ಣ ಹೊರಗೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ. ಅವನು ಅತ್ತದ್ದನ್ನು ನಾನು ಮೊದಲು ಕಂಡದ್ದು ಆಗಲೇ. ಅಪ್ಪನ ಬೆಲ್ಟಿಗೂ ಅವನು ಅತ್ತವನಲ್ಲ. ತಂಗಿಯ ಗಂಡ ಒಳ್ಳೆಯ ಮನುಷ್ಯ, ಯಾರಿಗೂ ಒಂದು ಕಟು ಮಾತು ಆಡಿದವನಲ್ಲ. ಅವನೇ ನನ್ನನ್ನು ಕರೆದು, “ಇನ್ನ ಮ್ಯಾಲ ಆಕಿ ಔರಾದಕ ಬರಂಗಿಲ್ರಿ. ಸಿಟ್ಟ ಮಾಡ್ಕೋಬ್ಯಾಡ್ರಿ, ನನಗ ಆಕಿ ಜೀವಂತ ಬೇಕು,” ಎಂದ. ಸಿಟ್ಟು ಮಾಡಿಕೊಳ್ಳಲು ನನ್ನಲ್ಲಿ ಏನು ಉಳಿದಿತ್ತು?

ವಾರ್ಡಿನ ಹಿರಿಯ ನರ್ಸಮ್ಮ ನಮ್ಮಿಬ್ಬರನ್ನೂ ಸಾಲಿಯ ಹುಡುಗರ ಹಾಗೆ ನಿಲ್ಲಿಸಿ ಬೈದಳು. “ಸಿರ್ಕಾ ಬ್ಯಾರೆ, ಬ್ಲೀಚಿಂಗ್ ಬ್ಯಾರೆ. ಎರಡೂ ಕೂಡಿದ್ರ ಇಸದ ಗಾಳಿ ಏಳ್ತದ. ಸಂಡಾಸ ತೊಳಿಯೋ ಆಸಿಡ್ ಆದ್ರೂ ಅಷ್ಟೇ. ಬುರಶಿ ಬಟ್ಟಿ ಮನ್ಯಾಗ ಜಾಡಸ್ತಾರೇನ್ರಿ? ಜಾಡಿಸಿದ್ರ ಅದರ ಪುಡಿ ಹಾರಿ ಎಲ್ಲಿ ಹೋಗ್ತದ? ಮಂದಿ ಎದಿಯೊಳಗ.” ಆಮೇಲೆ ಹೇಗೆ ಮಾಡಬೇಕು ಎಂದೂ ಹೇಳಿದಳು. ನಾನು ಟಿಕೇಟಿನ ಸುರುಳಿಯ ಹಿಂಬದಿಗೆ ಬರೆದುಕೊಂಡೆ. ಆ ಚೀಟಿ ಇನ್ನೂ ನನ್ನ ಚೀಲದಲ್ಲಿದೆ.

ತಂಗಿ ಭಾಲ್ಕಿಗೆ ಹೋದ ಮರುದಿನ ನಾನು ರಜೆ ಹಾಕಿ ಔರಾದಕ್ಕೆ ಹೋದೆ. ಬಚ್ಚಲು ಆ ದಿನದಿಂದ ಬಾಗಿಲು ಕಿಟಕಿ ತೆರೆದೇ ಇತ್ತು. ಬೋಗುಣಿಯನ್ನು ಅಣ್ಣ ಆಗಲೇ ಸಾಕಷ್ಟು ನೀರು ಬಿಟ್ಟು ತೊಳೆದಿದ್ದ. ಅದರೊಳಗಿದ್ದ ಸೀರೆಗಳು ಹಿಡಿದಲ್ಲಿ ಹರಿಯುತ್ತಿದ್ದವು, ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಎಸೆದೆವು. ಸಂದೂಕದ ತಳದಲ್ಲಿ ಇನ್ನೂ ಆರು ಉಳಿದಿದ್ದವು.

ಕೊರೊನಾ ಕಾಲದ ದಪ್ಪ ಮಾಸ್ಕು ಹಾಕಿಕೊಂಡೆವು. ಕೈಗೆ ರಬ್ಬರಿನ ಗವಸು. ಸಂದೂಕವನ್ನು ಇಬ್ಬರೂ ಎರಡು ಕಡೆ ಹಿಡಿದು ಅಂಗಳಕ್ಕೆ ತಂದೆವು. ಒಣ ಸೀರೆ ಕೊಡವಲಿಲ್ಲ. ಮೊದಲು ಮಡಿಕೆಯ ಮೇಲೆ ನೀರು ಚಿಮುಕಿಸಿ, ಒದ್ದೆಯಾದ ಮೇಲೆಯೇ ಬಿಚ್ಚಿದೆವು. ಹೀಗಾದರೆ ಪುಡಿ ಏಳುವುದಿಲ್ಲ. ಸಿರ್ಕಾವೂ ಬೇಡ ಬ್ಲೀಚಿಂಗೂ ಬೇಡ ಎಂದು ಅಣ್ಣನೇ ಹೇಳಿದ. ಒಲೆಯ ಮೇಲೆ ಕುದಿನೀರು, ಒಗೆಯುವ ಸೋಡಾ, ಸಾಬೂನು, ಅಷ್ಟೇ. ಬೇರೆ ಬಟ್ಟೆಯ ಜೊತೆ ಬೆರೆಸದೆ ನೆನೆಹಾಕಿ, ಒಂದೊಂದನ್ನೇ ಬೆರಳಿನಿಂದ ತಿಕ್ಕಿದೆ. ಅಭ್ಯಾಸಬಲದಿಂದ ನಾನು ಮೊದಲ ಸೀರೆಯನ್ನು ಹಿಂಡಿ ಕಲ್ಲಿನ ಕಡೆಗೆ ಎತ್ತಿದೆ. ಅಣ್ಣ ನನ್ನ ಮಣಿಕಟ್ಟು ಹಿಡಿದ. ತಿರುಚಲಿಲ್ಲ, ಹಿಡಿದ ಅಷ್ಟೇ. ಒಂದು ವರ್ಷದ ಹಿಂದೆ ನಾನು ಕಚ್ಚಿದ ಗುರುತು ಅವನ ಕೈಮೇಲೆ ಕಾಣುತ್ತಿತ್ತು. ನಾನು ಸೀರೆ ಇಳಿಸಿದೆ. ನನ್ನ ಜನ್ಮದಲ್ಲಿ ಬಟ್ಟೆಯನ್ನು ಬಡಿಯದೆ ಒಗೆದದ್ದು ಅದೇ ಮೊದಲು.

ಎರಡು ದಿನ, ಎರಡು ಮಗ್ಗುಲೂ ಬಿಸಿಲಿಗೆ ಹರವಿದೆವು. ಕರಿ ಚುಕ್ಕಿ ಪೂರ್ತಿ ಹೋಗಲಿಲ್ಲ. ಮಾಸಿದ ಬೂದಿಯಂತೆ ಉಳಿಯಿತು. ವಾಸನೆ ಹೋಯಿತು.

ಸಂದೂಕದ ಒಳಗೆಲ್ಲ ಸಾಬೂನು ನೀರಿನ ಬಟ್ಟೆ ಆಡಿಸುವಾಗ ಅಣ್ಣ “ಇದೇನಿದು?” ಎಂದ. ಬೀಗದ ಕೊಂಡಿಯ ಕೆಳಗೆ, ತಳದಿಂದ ಒಂದು ಗೇಣು ಮೇಲೆ, ತಗಡಿನಲ್ಲಿ ಏಳು ತೂತುಗಳಿದ್ದವು. ದಪ್ಪ ಮೊಳೆ ಹೊಡೆದು ಮಾಡಿದವು. ಅಂಚಿನಲ್ಲೆಲ್ಲ ತುಕ್ಕು ಇಳಿದಿತ್ತು. ಬಚ್ಚಲ ಗೋಡೆಯ ತೇವ ಒಳಗೆ ಬಂದದ್ದು ಇಲ್ಲಿಂದಲೇ. ಅವನು ಬೀಗದ ಮುಖವನ್ನು ಗೋಡೆಗೆ ಒತ್ತಿ ಇಟ್ಟಾಗ ಈ ತೂತುಗಳು ಹಸಿ ಗೋಡೆಗೆ ಮುಖ ಕೊಟ್ಟಿದ್ದವು. ಅವ್ವನ ಕಾಲದಲ್ಲಿ ಸಂದೂಕದ ಮೇಲೆ ಯಾವಾಗಲೂ ಒಂದು ಚಾದರ ನೆಲದವರೆಗೆ ಇಳಿಬಿದ್ದಿರುತ್ತಿತ್ತು, ಅದಕ್ಕೇ ನಾವು ಕಂಡಿರಲಿಲ್ಲ, ಆಮೇಲೆ ಜಗಳದ ಸಿಟ್ಟಿನಲ್ಲಿ ಕಣ್ಣಿಗೆ ಬೀಳಲಿಲ್ಲ.

“ನೀ ಹೊಡದಿ ಏನ?” ಎಂದೆ. “ನಾ ಯಾಕ ಹೊಡೀಲಿ? ನೀ ಬೀಗ ಮುರೀಲಾಕ ಹೋಗಿ ಮಾಡಿದಿ,” ಎಂದ. ದನಿ ಏರುತ್ತಿತ್ತು. ಇಬ್ಬರಿಗೂ ಅದು ಒಟ್ಟಿಗೇ ತಿಳಿಯಿತು, ಇಬ್ಬರೂ ಒಟ್ಟಿಗೇ ಬಾಯಿ ಮುಚ್ಚಿದೆವು. ಅವನು ತೂತಿನ ಮೇಲೆ ಬೆರಳಾಡಿಸಿ, “ಒಳಗಿಂದ ಹೊಡದಾರ ನೋಡು. ಚೂಪು ಹೊರಗ ಬಂದದ,” ಎಂದ. ಗೌಂಡಿಯ ಮಗನ ಕಣ್ಣು. ಒಳಗಿರುವವರಿಗೆ ತಾಗದಿರಲಿ ಎಂದು ಯಾರೋ ಹಾಗೆ ಮಾಡಿದ್ದರು.

ಭಾಲ್ಕಿಗೆ ಫೋನು ಮಾಡಿದೆವು. ತೂತುಗಳ ವಿಷಯ ಹೇಳಿದೆವು. ಮೊದಲು ತಂಗಿಯ ಉಸಿರಷ್ಟೇ ಕೇಳಿಸಿತು.

“ಅವು ಅವ್ವ ಹೊಡದದ್ದು,” ಎಂದಳು ಕೊನೆಗೆ. “ಅಪ್ಪ ಬಂದ್ರ ನನಗ ಅದರಾಗ ಕುಂದ್ರಿಸಿ ಮುಚ್ತಿದ್ದಳು. ಒಮ್ಮಿ ಅಪ್ಪ ಹೊಡದಾಗ ನನ್ನ ಉಸರ ನಿಂತಿತ್ತಂತ. ನೀವಿಬ್ಬರು ತಡಕೋತೀರಿ, ಈ ಕೂಸು ತಡಕೊಳ್ಳಲ್ಲ ಅಂತಿದ್ದಳು. ಗಾಳಿ ಆಡ್ಲಿ ಅಂತ ಮೊಳಿ ಹೊಡದಳು. ಚಾದರ ಸ್ವಲ್ಪ ಎತ್ತಿ ಸಿಗಸಿ ಹೋಗ್ತಿದ್ದಳು.”

“ಬಾಜೂ ಮನಿಗಿ ಹೋಗ್ತಿದ್ದಿಲ್ಲೇನ ನೀ?” ಎಂದ ಅಣ್ಣ. ಅವನ ದನಿ ಅವನದಾಗಿರಲಿಲ್ಲ.

“ಎಲ್ಲೀ ಹೋಗಿಲ್ಲ. ಅಲ್ಲೇ ಇರ್ತಿದ್ದೆ.”

ಫೋನು ಇಟ್ಟ ಮೇಲೆ ಅಣ್ಣ ಸಂದೂಕವನ್ನು ಒಳಕೋಣೆಗೆ ಎಳೆದು, ಅವ್ವ ಇಡುತ್ತಿದ್ದ ಜಾಗದಲ್ಲೇ ಇಟ್ಟ, ಬೀಗದ ಮುಖ ಬಾಗಿಲ ಕಡೆಗೆ. ನಾನು ಮೊಣಕಾಲೂರಿ ತಲೆಯನ್ನು ಒಳಗೆ ತುರುಕಿ, ತೂತಿಗೆ ಕಣ್ಣಿಟ್ಟೆ. ಬಾಗಿಲಿನಾಚೆ ಪಡಸಾಲೆಯ ನಡುಗಂಬ ಕಂಡಿತು. ಬೇರೇನೂ ಕಾಣುತ್ತಿರಲಿಲ್ಲ. ಅಣ್ಣನನ್ನು ಒತ್ತಿ ಹಿಡಿಯುತ್ತಿದ್ದ ಕಂಬ, ನನ್ನ ಜುಟ್ಟು ಸಿಕ್ಕಿಸುತ್ತಿದ್ದ ಕಂಬ, ಅವ್ವ ಒರಗಿ ಮುಖ ಒರೆಸಿಕೊಳ್ಳುತ್ತಿದ್ದ ಕಂಬ. ನಮ್ಮ ಮೈಮೇಲೆ ಬಿದ್ದ ಒಂದೊಂದು ಏಟನ್ನೂ ಅವಳು ಇಲ್ಲಿಂದ ನೋಡಿದ್ದಾಳೆ. ಶಬ್ದ ಹೊರಗೆ ಹೋಗದಿರಲಿ ಎಂದು ದಮ್ಮಿನ ಆ ಕೂಸು ಉಸಿರು ಬಿಗಿಹಿಡಿದು ನೋಡಿದೆ. ಬೆಲ್ಲ ತಿನ್ನುತ್ತಾಳೆ ಎಂದು ನಾವು ಹೊಟ್ಟೆ ಉರಿದುಕೊಂಡಿದ್ದೆವು.

ತಲೆ ಹೊರಗೆ ತೆಗೆದು ಅಣ್ಣನಿಗೆ “ನೋಡು” ಎಂದೆ. ಅವನು ನೋಡಿದ. ಎದ್ದವನೇ ಹೊರಗೆ ಹೋಗಿ ಸುತ್ತಿಗೆ ತಂದು, ಸಂದೂಕದ ಮುಚ್ಚಳದ ಎರಡು ಕೀಲನ್ನೂ ಹೊಡೆದು ಮುರಿದ. ಮುಚ್ಚಳ ನೆಲಕ್ಕೆ ಬಿದ್ದು ಸದ್ದು ಮಾಡಿತು. ಅವತ್ತು ಅವನನ್ನು ನಾನು ತಡೆಯಲಿಲ್ಲ.

ವರ್ಷದ ವಂದನೆಯ ದಿನ ತಂಗಿ ಬರುವುದಿಲ್ಲ ಎಂದೇ ತಿಳಿದಿದ್ದೆವು. ಬಂದಳು, ಗಂಡನ ಜೊತೆ, ಬೆಳಗಿನ ಬಸ್ಸಿಗೆ. ಮನೆಯೊಳಗೆ ಕಾಲಿಡಲಿಲ್ಲ. ಬೂಷ್ಟು ಹಿಡಿದಿದ್ದ ಬಟ್ಟೆ ಮೈಗೆ ಹಾಕಬೇಡ ಎಂದು ಡಾಕ್ಟರು ಹೇಳಿದ್ದಕ್ಕೆ ಹೊಸ ಬಿಳಿ ಸೀರೆ ಉಟ್ಟಿದ್ದಳು. ನಾನು ಅವ್ವನ ಸೀರೆಯಲ್ಲಿ, ಮಾಸಿದ ಚುಕ್ಕಿಗಳ ಸಮೇತ, ಅಂಗಳದ ಆ ತುದಿಯಲ್ಲಿ ನಿಂತಿದ್ದೆ. ಅವಳು ದೂರದಿಂದಲೇ ಗಾಳಿಯನ್ನು ಮೂಸಿದಳು. ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಇನ್ನೊಂದು ಹೆಜ್ಜೆ. ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ನಾನು, ಅಣ್ಣ, ವೈನಿ, ಅವಳ ಗಂಡ ಎಲ್ಲರೂ ನೋಡುತ್ತಿದ್ದೆವು. ಸೀಟಿ ಇರಲಿಲ್ಲ. ಕೊನೆಗೆ ನನ್ನ ಎದುರಿಗೇ ಬಂದು ಸೀರೆಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದಳು.

“ಛಲೋ ಒಗದೀರಿ,” ಎಂದಳು.

ನನಗೆ ಅಳು ಬಂತು. ಅವಳ ಸೆರಗು ಹೆಗಲಿನಿಂದ ಜಾರಿತ್ತು. ಸರಿ ಮಾಡೋಣ ಎಂದು ಕೈ ಎತ್ತಿದೆ.

ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ ಉಸಿರು ಹಿಡಿದಳು.

ನನ್ನ ಕೈ ಗಾಳಿಯಲ್ಲೇ ನಿಂತಿತು. ಹುಟ್ಟಿದಾಗಿನಿಂದ ನನ್ನ ಮಾತು ಕೇಳದ ಕೈ. ಅದನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡು, ಅವಳು ಉಸಿರು ಬಿಡುವವರೆಗೂ ಕಾದೆ.